ಉಳಿದ ನೂರಾ ಮೂರು ಪ್ರತಿ

ಕೆಲವರ ಉದ್ಯೋಗ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತದೆ. ಡಾಕ್ಟರು, ವಕೀಲರು, ಕಂಡಕ್ಟರು ಅಂದರೆ ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ನನ್ನ ಉದ್ಯೋಗ ವಿವರಿಸಲು ಹತ್ತು ನಿಮಿಷ ಬೇಕು. ಹತ್ತು ನಿಮಿಷ ಆದಮೇಲೆ ಕೇಳಿದವರ ಮುಖದಲ್ಲಿ ತಿಳಿವಳಿಕೆಯ ಬದಲು ಕನಿಕರ ಮೂಡಿರುತ್ತದೆ. ಹುಬ್ಬಳ್ಳಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ದೂರದ ಸಂಬಂಧದ ಕಾಕಾ ಒಬ್ಬರು, ಗುಜರಾತಿನಲ್ಲಿ ಏನು ಕಲಿಸುತ್ತೀ ಎಂದು ಕೇಳಿದರು. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ಸಾಹಿತ್ಯ ಎಂದೆ. ಅಲ್ಲಿಯವರೆಗೆ ಅವರಿಗೆ ತೊಂದರೆ ಇರಲಿಲ್ಲ. ಅಷ್ಟಕ್ಕೇ ಸುಮ್ಮನಿರುವುದು ಬಿಟ್ಟು, ನನ್ನ ಸಂಶೋಧನೆ ಇರುವುದು ನಾಟಕ, ಕಾವ್ಯಗಳ ಮೇಲಲ್ಲ, ಆ ಕಾಲದಲ್ಲಿ ಲಂಡನ್ನಿನ ಬೀದಿಬೀದಿಯಲ್ಲಿ ಕೂಗಿ ಮಾರುತ್ತಿದ್ದ ಅಗ್ಗದ ಕರಪತ್ರಗಳ ಮೇಲೆ ಎಂದು ಮುಂದುವರಿಸಿದೆ. ಕಾಕಾ ಬದನೆಕಾಯಿ ಪಲ್ಯವನ್ನು ಬದಿಗೆ ಸರಿಸಿದರು.

"ಅವನ್ನ ಈಗ ಯಾರ ಓದ್ತಾರ?"

"ಯಾರೂ ಓದಂಗಿಲ್ಲ, ಕಾಕಾ."

"ಮತ್ತ ಪಗಾರ?"

ಕೊಡುತ್ತಾರೆ ಎಂದೆ. ಸರ್ಕಾರದ ಬಗ್ಗೆ ತಮಗೆ ಮೊದಲಿನಿಂದ ಇದ್ದ ಅಭಿಪ್ರಾಯ ಸರಿಯೆಂದು ಖಾತ್ರಿಯಾದವರಂತೆ ಅವರು ಹೋಳಿಗೆಗೆ ಕೈಹಾಕಿದರು.

ಕಾಕಾ ಅವರಿಗೆ ನಾನು ಹೇಳದೆ ಬಿಟ್ಟ ಸಂಗತಿಯೆಂದರೆ, ಆ ಪಗಾರವೂ ಹಂಗಾಮಿಯದು. ವಡೋದರಾದ ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ನಾನು ಆಗ ತಾತ್ಕಾಲಿಕ ಅಧ್ಯಾಪಕನಾಗಿದ್ದೆ. ಪಿಎಚ್.ಡಿ. ಆದರೆ ಕಾಯಂ, ಆಗದಿದ್ದರೆ ಬರುವ ಜೂನಿಗೆ ಮನೆಗೆ ಎಂದು ವಿಭಾಗದ ಮುಖ್ಯಸ್ಥರು ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಚಹಾ ಕುಡಿಯುತ್ತ ಹೇಳಿದರು. ಅವರು ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯನ್ನು ಚಹಾ ತರಿಸದೆ ಹೇಳಿದವರಲ್ಲ. ಅವರ ಕೋಣೆಯಲ್ಲಿ ಚಹಾ ಬಂದರೆ ನಾವೆಲ್ಲ ಹೆದರುತ್ತಿದ್ದೆವು.

ನನ್ನ ಪ್ರಬಂಧ ಮುಗಿಯಲು ಅಷ್ಟು ವರ್ಷ ಹಿಡಿದದ್ದಕ್ಕೆ ಕಾರಣ ಆಲಸ್ಯ ಎಂದು ನನ್ನ ಹೆಂಡತಿ ವಿಜಯಾ ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ, ವಿಷಯವೂ ರುಚಿಯಾಗಿತ್ತು. ಆ ಕಾಲದ ಕರಪತ್ರಗಳಲ್ಲಿ ಏನಿಲ್ಲ! ದಡಕ್ಕೆ ಬಂದು ಬಿದ್ದ ಮನೆಯಷ್ಟು ದೊಡ್ಡ ಮೀನು, ನೇಣಿಗೇರುವ ಮುನ್ನ ಕಳ್ಳ ಹೇಳಿದ ಬುದ್ಧಿಮಾತು, ಎರಡು ತಲೆಯ ಕರು. ಎಲ್ಲಕ್ಕೂ ಮೇಲೆ 'ಇದು ಸತ್ಯ, ಕಂಡವರು ಇದ್ದಾರೆ' ಎಂಬ ಒಕ್ಕಣೆ. ಇವುಗಳಲ್ಲಿ ನನಗೆ ಬಹಳ ಪ್ರೀತಿಯದು ಸ್ವರ್ಗದಿಂದ ಬಿದ್ದ ಪತ್ರ ಎಂಬ ಜಾತಿ. ದೇವರೇ ಬರೆದ ಪತ್ರ, ಮನೆಯಲ್ಲಿಟ್ಟುಕೊಂಡು ಊರಿಗೆಲ್ಲ ತಿಳಿಸಿದವರಿಗೆ ಕ್ಷೇಮ, ಅಲ್ಲಗಳೆದವರಿಗೆ ಶಾಪ. ಈ ಜಾತಿಯ ಮೇಲೆ ಇಡೀ ನಾಲ್ಕನೆಯ ಅಧ್ಯಾಯ ಬರೆದಿದ್ದೆ. ಜನ ಎಷ್ಟು ಸುಲಭವಾಗಿ ಅಂಜುತ್ತಾರೆ, ಮುದ್ರಕರು ಆ ಅಂಜಿಕೆಯನ್ನು ಹೇಗೆ ಬಳಸುತ್ತಿದ್ದರು ಎಂಬುದೇ ಅದರ ಸಾರ. ಅಂಜುವವರ ಬಗ್ಗೆ ಬರೆಯುವಾಗ ನನ್ನ ಇಂಗ್ಲಿಷ್ ತುಸು ಬಿಗುವಾಗುತ್ತದೆ. ನಾನು ಕಾಲೇಜು ದಿನಗಳಿಂದಲೂ ವಿಚಾರವಾದಿ. ವಡೋದರಾದ ಬಾಡಿಗೆ ಫ್ಲ್ಯಾಟಿನಲ್ಲಿ ಬೇಕೆಂದೇ ಅಮಾವಾಸ್ಯೆಯ ದಿನ ಹಾಲುಕ್ಕಿಸಿದವನು. ಆ ಫ್ಲ್ಯಾಟು, ಅಲ್ಕಾಪುರಿ ಎಂದು ಊರಿನವರಿಗೆ ಹೇಳಿಕೊಳ್ಳುವಷ್ಟು ಆ ಸಿರಿವಂತರ ಬಡಾವಣೆಗೆ ಹತ್ತಿರ, ಅಲ್ಲಿನ ಬಾಡಿಗೆ ಕೇಳದಷ್ಟು ದೂರ ಇದೆ. ಮೊದಲ ಮಳೆಗೇ ಅಡಿಗೆಮನೆ ಸೋರಿತು. ವಿಜಯಾ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದಳು.

ಪ್ರಬಂಧ ಸಲ್ಲಿಸಲು ಇನ್ನೂ ಒಂದು ವಾರ ಇದ್ದಾಗ, ಮೇಲಿನ ಮಹಡಿಯ ಕೋಕಿಲಾಬೆನ್ ಒಂದು ಬೆಳಿಗ್ಗೆ ಢೋಕಳಾದ ಡಬ್ಬಿಯ ಜೊತೆ ಗುಲಾಬಿ ಬಣ್ಣದ ಕಾಗದವೊಂದನ್ನು ಕೊಟ್ಟುಹೋದರು. ಗುಜರಾತಿಯಲ್ಲಿ ಅಚ್ಚಾಗಿತ್ತು. ನಾನೂರು ವರ್ಷ ಹಳೆಯ, ಮುಳ್ಳುಬೇಲಿಯಂಥ ಇಂಗ್ಲಿಷ್ ಅಚ್ಚನ್ನು ನಾನು ಸರಾಗ ಓದಬಲ್ಲೆ. ಆದರೆ ಗುಜರಾತಿ ಬಸ್ಸಿನ ಬೋರ್ಡು ಓದಲು ಇವತ್ತಿಗೂ ಪಕ್ಕದವರನ್ನು ಕೇಳಬೇಕು. ವಿಜಯಾ ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ವರದಿ ಪುಸ್ತಕದಲ್ಲಿ ಪಾಲಕರು ಬರೆದದ್ದನ್ನು ಓದಿ ಓದಿಯೇ ಅವಳಿಗೆ ಗುಜರಾತಿ ಬಂದಿದೆ. ಅವಳು ಓದಿ ಕನ್ನಡದಲ್ಲಿ ಹೇಳಿದಳು. ಗುಡ್ಡದ ಮೇಲಿನ ಮಾತಾಜಿಯ ಗುಡಿಯಲ್ಲಿ ಪೂಜಾರಿಗೆ ದೇವಿ ಪ್ರತ್ಯಕ್ಷಳಾಗಿ ಈ ಪತ್ರ ಕೊಟ್ಟಿದ್ದಾಳೆ. ಇದು ಕೈಸೇರಿದವರು ಇಪ್ಪತ್ತೊಂದು ದಿನದೊಳಗೆ ನೂರಾ ಎಂಟು ಪ್ರತಿ ಮಾಡಿಸಿ ಹಂಚಬೇಕು. ರಾಜಕೋಟದ ಒಬ್ಬ ರೈತ ಹಂಚಿದ, ಬತ್ತಿದ ಬಾವಿಯಲ್ಲಿ ನೀರು ಬಂತು. ಭಾವನಗರದ ಒಬ್ಬ ವ್ಯಾಪಾರಿ ನಕ್ಕು ಹರಿದುಹಾಕಿದ, ಅವನ ಅಂಗಡಿ ಮುಚ್ಚಿತು.

ನನಗಾದ ಸಂತೋಷ ಹೇಳತೀರದು. ಸತ್ತು ಮಣ್ಣಾಗಿದೆ ಎಂದು ನಾನು ಅಧ್ಯಾಯ ಬರೆದ ಪ್ರಾಣಿ ಢೋಕಳಾದ ಡಬ್ಬಿಯ ಜೊತೆ ಜೀವಂತವಾಗಿ ಮನೆಗೆ ಬಂದಿತ್ತು. ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಫೈಲಿಗೆ ಸೇರಿಸಿದೆ.

"ಹಂಚೂದಿಲ್ಲೇನ್ರಿ?" ಎಂದಳು ವಿಜಯಾ.

ಸಂಶೋಧಕನು ಆಕರಗಳಿಂದ ದೂರ ನಿಲ್ಲಬೇಕು, ಭಾಗವಹಿಸಬಾರದು ಎಂದು ನಾನು ಅವಳಿಗೆ ವಿವರಿಸಿದೆ. ಅವಳು ಢೋಕಳಾದ ಡಬ್ಬಿ ತೊಳೆಯಲು ಹೋದಳು.

ಮರುದಿನ ಸ್ಕೂಟರಿನ ಕ್ಲಚ್ ವಯರು ನಡುರಸ್ತೆಯಲ್ಲಿ ತುಂಡಾಯಿತು. ಹಳೆಯ ಸ್ಕೂಟರು, ಹಳೆಯ ವಯರು, ಇದರಲ್ಲಿ ವಿಶೇಷವೇನೂ ಇಲ್ಲ. ಅದರ ಮರುದಿನ ಒಂದು ಫ್ಲಾಪಿ ತೆರೆಯಲಿಲ್ಲ. ಆ ಕಾಲದಲ್ಲಿ ಫ್ಲಾಪಿಗಳು ತೆರೆಯದಿರುವುದೇ ಹೆಚ್ಚು. ಆದರೆ ನನ್ನ ಏಳು ಫ್ಲಾಪಿಗಳಲ್ಲಿ ತೆರೆಯದೇ ಹೋದದ್ದು ಒಂದೇ, ಅದು ನಾಲ್ಕನೆಯ ಅಧ್ಯಾಯದ್ದು. ಇದನ್ನು ವಿಜಯಾಗೆ ಹೇಳಬಾರದೆಂದು ನಿರ್ಧರಿಸಿದೆ. ಆಮೇಲೆ ಮೂರು ದಿನ ಕೂತು ಇಡೀ ಅಧ್ಯಾಯವನ್ನು ಮತ್ತೆ ಟೈಪು ಮಾಡುವಾಗ, ಅಂಜುವವರ ಬಗ್ಗೆ ಇದ್ದ ನಾಲ್ಕೈದು ಬಿರುಸು ವಾಕ್ಯಗಳನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಶೈಲಿಯ ದೃಷ್ಟಿಯಿಂದ ಅದು ಆಗಲೇಬೇಕಿತ್ತು.

ಪ್ರಬಂಧವನ್ನು ಬೈಂಡಿಂಗಿಗೆ ಕೊಟ್ಟದ್ದು ಜಯಂತಿಭಾಯಿಯ ಅಂಗಡಿಯಲ್ಲಿ. ಮುಂದೆ ಝೆರಾಕ್ಸ್, ಒಳಗೆ ಸಣ್ಣ ಪ್ರಿಂಟಿಂಗ್ ಪ್ರೆಸ್ಸು, ನಡುವೆ ಒಂದು ಮುರುಕು ಬೆಂಚು. ಕಂಕೋತ್ರಿ ಎಂಬ ಮದುವೆಯ ಕರೆಯೋಲೆ, ಚುನಾವಣೆಯ ಚೀಟಿ, ಟ್ಯೂಷನ್ ಜಾಹೀರಾತು ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಆ ಬೆಂಚಿನ ಮೇಲೆ ಕೂತಾಗಲೆಲ್ಲ ನನಗೆ ಹಳೆಯ ಲಂಡನ್ನಿನ ಮುದ್ರಕನ ಅಂಗಡಿಯಲ್ಲಿ ಕೂತಂತೆ ಹುರುಪು ಬರುತ್ತಿತ್ತು. ಜಯಂತಿಭಾಯಿ ಕೆಲಸ ಬಿಡದೆ ಕೇಳಿಸಿಕೊಳ್ಳುವ ಮನುಷ್ಯ, ನನ್ನ ವಿದ್ಯಾರ್ಥಿಗಳು ಕೇಳಿಸಿಕೊಳ್ಳದೆ ಬೇರೆ ಕೆಲಸ ಮಾಡುವವರು. ಹಾಗಾಗಿ ಅಂದು ಅವರಿಗೇ ಪಾಠ ಮಾಡಿದೆ. ಆ ಕಾಲದ ಜಾಣ ಮುದ್ರಕರು ಎಲ್ಲೋ ದೂರದ ಕಡಲತೀರದಲ್ಲಿ ಬಿದ್ದ ಮೀನನ್ನು ಮುಂದಿನ ಮುದ್ರಣದಲ್ಲಿ ಪಕ್ಕದ ಊರಿನ ದಡಕ್ಕೆ ತಂದು ಹಾಕುತ್ತಿದ್ದರು, ಯಾಕೆಂದರೆ ಊರು ಹತ್ತಿರದ್ದಾದರೆ ಮಾತ್ರ ಜನ ನಂಬುತ್ತಾರೆ, ಸುದ್ದಿ ಹಳಸಿದರೆ ಉದಾಹರಣೆ ಬದಲಿಸಬೇಕು ಎಂದೆಲ್ಲ ಅರ್ಧ ಗಂಟೆ ಹೇಳಿದೆ. ಜಯಂತಿಭಾಯಿ ಅಂಟಿನ ಬ್ರಷ್ಷು ಎತ್ತಿಹಿಡಿದು, ಸಾಹೇಬ್ ಇದು ಬಹಳ ಒಳ್ಳೆಯ ವಿಚಾರ ಎಂದರು. ಒಂಬತ್ತು ವರ್ಷದಲ್ಲಿ ನನ್ನ ಪಾಠಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಬೈಂಡಿಂಗ್ ಶುರುವಾಗುವ ಮೊದಲು ನಾನು ಇನ್ನೊಂದು ಹಾಳೆ ಸೇರಿಸಿದೆ. ಗುಲಾಬಿ ಕರಪತ್ರದ ಪ್ರತಿಯನ್ನು ಪ್ರಬಂಧದ ಕೊನೆಗೆ ಅನುಬಂಧವಾಗಿ ಹಾಕಿಸಿದೆ. ನಾಲ್ಕು ಶತಮಾನ ದಾಟಿ ಬಂದ ಜೀವಂತ ಸಾದೃಶ್ಯ ಎಂದು ತಲೆಬರಹ. ಇದು ಶುದ್ಧ ವಿದ್ವತ್ತಿನ ನಿರ್ಧಾರ. ಪ್ರಬಂಧದ ಪ್ರತಿಗಳು ಐದು. ಸಂಜೆ ವಿಜಯಾ ಒಂದನ್ನು ತಿರುವಿಹಾಕಿ ಕೊನೆಯ ಪುಟ ನೋಡಿದಳು.

"ಐದು ಆದ್ವು," ಎಂದಳು. "ಇನ್ನ ನೂರಾ ಮೂರು."

ನಾನು ಅದಕ್ಕೆ ಅನುಬಂಧ ಹಾಕಿದ್ದಲ್ಲ ಎಂದೆ. "ನಾ ಏನರೆ ಅಂದೆನೇನು? ಲೆಕ್ಕ ಹೇಳಿದೆ ಅಷ್ಟ," ಎಂದಳು.

ಪ್ರಬಂಧ ಸಲ್ಲಿಸಿದ್ದಾಯಿತು. ಆಗ ಗೊತ್ತಾಯಿತು, ಹೊರಗಿನ ಪರೀಕ್ಷಕರು ಯಾರೆಂದು. ಅಹಮದಾಬಾದಿನ ಒಬ್ಬ ಹಿರಿಯ ಪ್ರಾಧ್ಯಾಪಕರು, ನಿವೃತ್ತರಾಗಿ ಅಲ್ಲಿನ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿದ್ದಾರೆ. ಅವರ ವಿದ್ವತ್ತಿಗೆ ಎಣೆ ಇಲ್ಲ, ಅವರ ನಿಧಾನಕ್ಕೂ ಇಲ್ಲ. ನಮ್ಮ ವಿಭಾಗದ ಒಬ್ಬರ ಪ್ರಬಂಧ ಅವರ ಮನೆಗೆ ಹೋದಾಗ ಆಸಾಮಿಯ ಮಗಳು ಅಂಬೆಗಾಲಿಡುತ್ತಿದ್ದಳಂತೆ, ವರದಿ ಬಂದಾಗ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದಳಂತೆ. ಇದನ್ನು ನನಗೆ ಹೇಳುವ ಮೊದಲು ಮುಖ್ಯಸ್ಥರು ಚಹಾದ ಜೊತೆ ಬಿಸ್ಕತ್ತನ್ನೂ ತರಿಸಿದರು. ನಿಜ ಹೇಳುತ್ತೇನೆ, ಆ ದಿನ ನನಗೆ ಭಯವಾಯಿತು. ನಲವತ್ತರ ಹತ್ತಿರ ಬಂದವನು, ಎರಡು ತಲೆಯ ಕರುವಿನ ಬಗ್ಗೆ ಬಿಟ್ಟರೆ ಬೇರೇನೂ ತಿಳಿಯದವನು, ಜೂನಿನಲ್ಲಿ ಕೆಲಸ ಹೋದರೆ ಯಾರ ಮುಂದೆ ಹೋಗಿ ಏನೆಂದು ಕೇಳಲಿ? ಹುಬ್ಬಳ್ಳಿಯ ಕಾಕಾ ನೆನಪಾದರು.

ಅದೇ ಹೊತ್ತಿಗೆ ಸೂರತ್‌ನಲ್ಲಿ ಒಂದು ವಿಚಾರ ಸಂಕಿರಣ ಇತ್ತು. ನಾನು ಸಾಮಾನ್ಯವಾಗಿ ಇಂಥದ್ದಕ್ಕೆ ಹೋಗುವವನಲ್ಲ. ಈ ಸಲ ಬರೆದು ಕೇಳಿ, ಕರಪತ್ರಗಳ ಮೇಲೆ ಮಾತಾಡಲು ಒಪ್ಪಿಗೆ ಪಡೆದೆ. ಸಭಿಕರಿಗೆ ಆಕರವನ್ನು ಕೈಯಲ್ಲಿ ಹಿಡಿದು ನೋಡಲು ಕೊಡಬೇಕಾದ್ದು ಇಂಥ ವಿಷಯದಲ್ಲಿ ಅಗತ್ಯ. ಜಯಂತಿಭಾಯಿಯ ಅಂಗಡಿಗೆ ಹೋಗಿ ಗುಲಾಬಿ ಕಾಗದ ಕೊಟ್ಟೆ. ಎಷ್ಟು ಪ್ರತಿ ಎಂದರು. ಸುಮಾರು ನೂರು ಎಂದೆ. ಸ್ವಲ್ಪ ತಡೆದು, ನೂರಾ ಮೂರು ಇರಲಿ ಎಂದೆ. ಅವರು ಯಂತ್ರದಿಂದ ತಲೆಯೆತ್ತದೆ, ಐದು ಆಗಲೇ ಕೊಟ್ಟಿರಾ ಸಾಹೇಬ್ ಎಂದು ಕೇಳಿದರು. ಈ ಅಂಗಡಿಗೆ ಬಂದು ಎಪ್ಪತ್ತೆರಡು, ತೊಂಬತ್ತೊಂದು ಎಂದು ಕೇಳಿದವರು ಎಷ್ಟು ಮಂದಿ ಇದ್ದರೋ ಏನೋ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಝೆರಾಕ್ಸ್ ಪ್ರತಿ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಎತ್ತಿದವಳು ವಿಜಯಾ, ಆದರೆ ನನಗೂ ಕುತೂಹಲವಿತ್ತು, ಅಧ್ಯಯನದ ದೃಷ್ಟಿಯಿಂದ. ಅವಳು ಮೆಟ್ಟಿಲು ಹತ್ತಿ ಕೋಕಿಲಾಬೆನ್ ಅವರನ್ನು ಕೇಳಿಬಂದಳು. ಅವರ ಅತ್ತೆಯ ಕಾಲದಲ್ಲಿ ಕೈಯಲ್ಲೇ ಬರೆದು ಹಂಚುತ್ತಿದ್ದರಂತೆ, ಆಮೇಲೆ ಪ್ರೆಸ್ಸು ಬಂತಂತೆ, ಈಗ ಝೆರಾಕ್ಸು. "ಚಾಲ್ಶೆ, ನಡೀತದ ಅಂದ್ರು. ಮಾತಾಜಿಗೆ ಅಕ್ಷರ ಕಂಡ್ರ ಸಾಕಂತ," ಎಂದಳು. ಕೈಬರಹದಿಂದ ಮುದ್ರಣಕ್ಕೆ ಸಮಾಜ ಹೊರಳಿದ ಬಗೆಯ ಮೇಲೆ ನಾನು ಎರಡನೆಯ ಅಧ್ಯಾಯದಲ್ಲಿ ಅರುವತ್ತು ಪುಟ ಬರೆದಿದ್ದೇನೆ. ಕೋಕಿಲಾಬೆನ್ ಅದನ್ನು ಓದಿಲ್ಲ, ಓದುವ ಅಗತ್ಯವೂ ಅವರಿಗಿಲ್ಲ.

ಸೂರತ್‌ನ ಸಂಕಿರಣ ತಾಪಿ ನದಿಯ ಆಚೆ, ಅಡಾಜಣ್ ಬಡಾವಣೆಯ ಒಂದು ಸಭಾಂಗಣದಲ್ಲಿ. ಮುನ್ನೂರು ಕುರ್ಚಿ ಹಾಕಿದ್ದರು. ನನ್ನ ಸರದಿ ಊಟದ ನಂತರ ಬಂತು. ಊಟಕ್ಕೇ ಹೆಸರಾದ ಸೂರತ್‌ನ ಊಟ, ಅಂದಮೇಲೆ ಹೆಚ್ಚು ಹೇಳಬೇಕಿಲ್ಲ. ಉಳಿದ ಸಭಿಕರು ಹದಿನಾಲ್ಕು ಜನ, ಅದರಲ್ಲಿ ಒಬ್ಬರು ಮೈಕಿನವರು. ಹದಿನಾಲ್ಕು ಜನಕ್ಕೂ ಪ್ರತಿ ಕೊಟ್ಟೆ. ಮೈಕಿನವರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ, ಯಾರೂ ಪ್ರಶ್ನೆ ಕೇಳಲಿಲ್ಲ. ಚೀಲದಲ್ಲಿ ಎಂಬತ್ತೊಂಬತ್ತು ಪ್ರತಿ ಉಳಿದವು. ಅಂದು ಹತ್ತೊಂಬತ್ತನೆಯ ದಿನ. ಇದು ಸುಮ್ಮನೆ ನೆನಪಿದೆ.

ಹಿಂತಿರುಗುವಾಗ ಹತ್ತಿದ್ದು ಸಂಜೆಯ ಗಾಡಿ. ಸೂರತ್‌ನಲ್ಲಿ ಕೆಲಸ ಮಾಡಿ ದಿನಾ ಭರೂಚ್, ವಡೋದರಾಕ್ಕೆ ಮರಳುವ ಪಾಸಿನವರ ಗಾಡಿ ಅದು. ಇವರಿಗೆ ಅಪ್‌ಡೌನ್‌ನವರು ಎಂದೇ ಹೆಸರು. ಕೂರುವ ಜಾಗ, ಭಜನೆ, ಇಸ್ಪೀಟು, ಎಲ್ಲ ವರ್ಷಗಳಿಂದ ಗೊತ್ತುಮಾಡಿಕೊಂಡವರು. ನನಗೆ ದಯೆಯಿಂದ ಅಂಚಿನಲ್ಲಿ ಅರ್ಧ ಸೀಟು ಕೊಟ್ಟರು. ಮೊಣಕಾಲಿನ ಮೇಲೆ ಸೂಟ್‌ಕೇಸು ಇಟ್ಟು ಇಸ್ಪೀಟಿನ ಎಲೆ ಹಂಚುತ್ತಿದ್ದ ಒಬ್ಬರು ನನ್ನ ಚೀಲದಿಂದ ಇಣುಕುತ್ತಿದ್ದ ಕಾಗದ ನೋಡಿ, ಕೇಳದೆಯೇ ಕೈಚಾಚಿ ಒಂದು ತೆಗೆದುಕೊಂಡರು. ಪಕ್ಕದವರೂ ತೆಗೆದುಕೊಂಡರು. ಐದು ನಿಮಿಷದಲ್ಲಿ ಇಡೀ ಬೋಗಿಯಲ್ಲಿ ಕೈಯಿಂದ ಕೈಗೆ ಸಾಗಿ ನನ್ನ ಚೀಲ ಖಾಲಿಯಾಯಿತು. ನನಗೆ ಸುಮ್ಮನಿರಲಾಗಲಿಲ್ಲ. ನಾನು ಇವನ್ನು ನಂಬಿ ಹಂಚುತ್ತಿಲ್ಲ, ನಾನು ಪ್ರೊಫೆಸರು, ಇದು ಸಂಶೋಧನೆಗೆ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಎಲೆ ಹಂಚುತ್ತಿದ್ದವರು ನನ್ನನ್ನು ಬಹಳ ಮೃದುವಾಗಿ ನೋಡಿದರು.

"ಎಲ್ಲರಿಗೂ ಏನಾದರೊಂದು ಇದ್ದೇ ಇರುತ್ತದೆ, ಸಾಹೇಬ್," ಎಂದರು. "ನನಗೆ ಕಿಡ್ನಿಯಲ್ಲಿ ಕಲ್ಲಿತ್ತು."

ಮನೆಗೆ ಬಂದಾಗ ವಿಜಯಾ ಸಂಕಿರಣ ಹೇಗಾಯಿತು ಎಂದು ಕೇಳಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ನೋಡಿ, ಊಟಕ್ಕೆ ಬಡಿಸಿದಳು.

ವಿಶ್ವವಿದ್ಯಾಲಯದವರು ಪ್ರಬಂಧವನ್ನು ಅಂಚೆಗೆ ಹಾಕಲು ಎರಡು ತಿಂಗಳು ತೆಗೆದುಕೊಂಡರು. ಅದು ಸ್ಯಾಟಲೈಟ್ ತಲುಪಿತು ಎಂಬ ಸುದ್ದಿ ಬಂದದ್ದೇ ನಾನು ಬೇರೆ ಉದ್ಯೋಗಗಳ ಜಾಹೀರಾತು ನೋಡಲು ಶುರುಮಾಡಿದೆ. ಹನ್ನೊಂದನೆಯ ದಿನ ವರದಿ ಬಂತು. ಮುಖ್ಯಸ್ಥರು ಲಕೋಟೆ ಹಿಡಿದುಕೊಂಡು ತಾವೇ ನನ್ನ ಕೋಣೆಗೆ ಓಡಿಬಂದರು. ಚಹಾ ಇರಲಿಲ್ಲ. ಅಷ್ಟರಲ್ಲೇ ನನಗೆ ಅರ್ಥವಾಯಿತು. ಪದವಿಗೆ ಅರ್ಹ, ಆದಷ್ಟು ಬೇಗ ಮೌಖಿಕ ಪರೀಕ್ಷೆ ನಡೆಸಬಹುದು ಎಂದು ಬರೆದಿದ್ದರು. ನನ್ನ ವಿದ್ವತ್ತು ಅಂಥವರನ್ನೂ ಹನ್ನೊಂದು ದಿನ ಬಿಡದೆ ಕೂರಿಸಿ ಓದಿಸಿತಲ್ಲ ಎಂದು ಎರಡು ವಾರ ಎದೆ ಸೆಟೆಸಿ ನಡೆದೆ. ಸ್ಕೂಟರು ಕೂಡ ಆ ದಿನಗಳಲ್ಲಿ ಒಂದೇ ಒದೆತಕ್ಕೆ ಶುರುವಾಗುತ್ತಿತ್ತು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಬೆಳಗಿನ ಗಾಡಿಗೆ ಬಂದರು. ತೆಳ್ಳನೆಯ, ನಗದ ಮನುಷ್ಯರು. ಎರಡು ಸಾಮಾನ್ಯ ಪ್ರಶ್ನೆ ಕೇಳಿ, ಪ್ರಬಂಧದ ಕೊನೆಯ ಪುಟ ತೆರೆದು ಮೇಜಿನ ಮೇಲಿಟ್ಟರು. ಅದು ಅನುಬಂಧ. ನಾನು ನಾಲ್ಕು ಶತಮಾನದ ಸಾದೃಶ್ಯದ ಬಗ್ಗೆ ಹೇಳಲು ಬಾಯಿ ತೆರೆದೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ಪೊಟ್ಟಣ ಬಿಚ್ಚಿದವರು ನನ್ನ ಹೆಂಡತಿ," ಎಂದರು. "ಆಕೆ ಇಂಗ್ಲಿಷ್ ಓದುವುದಿಲ್ಲ. ನಿಮ್ಮ ಮುನ್ನೂರ ನಲವತ್ತು ಪುಟದಲ್ಲಿ ಆಕೆಗೆ ಓದಲು ಬಂದದ್ದು ಇದೊಂದೇ. ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ, ಬೇಗ ಓದಿ ಹಿಂದೆ ಕಳಿಸಿ ಎಂದು ಹಟ ಹಿಡಿದರು. ಓದಿದೆ, ಕಳಿಸಿದೆ."

ಪರೀಕ್ಷಕರು ಕನ್ನಡಕ ಒರೆಸಿಕೊಂಡು, ಹೀಗೆ ಬಂದ ಪತ್ರವನ್ನು ಕಳಿಸಿದವರಿಗೇ ಹಿಂದಿರುಗಿಸಿದರೆ ಹೊಣೆ ತೀರುತ್ತದೆಯೇ, ಈ ಬಗ್ಗೆ ಪರಂಪರೆ ಏನು ಹೇಳುತ್ತದೆ ಎಂದು ಕೇಳಿದರು. ಅಧಿಕೃತವಾಗಿ ನನ್ನ ಮೌಖಿಕ ಪರೀಕ್ಷೆಯ ಕೊನೆಯ ಪ್ರಶ್ನೆ ಇದೇ. ಆಕರಗಳಲ್ಲಿ ಸ್ಪಷ್ಟತೆ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ. ನಾವೂ ಹಾಗೇ ಅಂದುಕೊಂಡು ನೂರಾ ಎಂಟು ಮಾಡಿಸಿಬಿಟ್ಟೆವು ಎಂದು ಅವರು ಮೆಲ್ಲಗೆ ಹೇಳಿ, ಎದ್ದು ನನ್ನ ಕೈ ಕುಲುಕಿ, ಡಾಕ್ಟರ್ ಎಂದು ಕರೆದರು.

ಜೂನಿನಲ್ಲಿ ನಾನು ಕಾಯಂ ಆದೆ. ಅದಾಗಿ ಒಂದು ವರ್ಷ ಕಳೆದಿರಬೇಕು, ಕೋಕಿಲಾಬೆನ್ ಮತ್ತೆ ಢೋಕಳಾ ತಂದರು, ಜೊತೆಗೆ ಹಳದಿ ಬಣ್ಣದ ಕಾಗದ. ಅದೇ ಮಾತಾಜಿ, ಅದೇ ನೂರಾ ಎಂಟು. ವಿಜಯಾ ಓದುತ್ತ ಓದುತ್ತ ನಡುವೆ ನಿಂತಳು. ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಹೇಳಿದಳು. ರಾಜಕೋಟದ ರೈತ, ಭಾವನಗರದ ವ್ಯಾಪಾರಿ ಇಬ್ಬರೂ ನಾಪತ್ತೆ. ಅವರ ಜಾಗದಲ್ಲಿ ಇದ್ದದ್ದು ಇಷ್ಟು: ವಡೋದರಾದಲ್ಲಿ ಒಬ್ಬ ಮದ್ರಾಸಿ ಪ್ರೊಫೆಸರು ಈ ಪತ್ರವನ್ನು ನಕ್ಕು ಫೈಲಿಗೆ ಹಾಕಿದರು. ಅವರ ಸ್ಕೂಟರು ಕೆಟ್ಟಿತು, ಒಂಬತ್ತು ವರ್ಷದ ಕೆಲಸ ನಿಂತಿತು. ಪಶ್ಚಾತ್ತಾಪಪಟ್ಟು ನೂರಾ ಎಂಟು ಪ್ರತಿ ಹಂಚಿದರು. ಎಂಟೇ ದಿನದಲ್ಲಿ ಡಾಕ್ಟರಾದರು.

ಸೀದಾ ಜಯಂತಿಭಾಯಿಯ ಅಂಗಡಿಗೆ ಹೋದೆ. ಅವರಿಗೆ ಒಂಚೂರೂ ಸಂಕೋಚವಿರಲಿಲ್ಲ. ಗಿರಾಕಿಯೊಬ್ಬರು ಹಳೆಯದನ್ನೇ ಅಚ್ಚುಹಾಕಲು ತಂದಿದ್ದರಂತೆ, ಇವರೇ ಸಲಹೆ ಕೊಟ್ಟರಂತೆ. ಫೈಲು, ಸ್ಕೂಟರಿನ ಕಥೆಯನ್ನೆಲ್ಲ ಆ ಬೆಂಚಿನ ಮೇಲೆ ಕೂತು ಅವರಿಗೆ ಹೇಳಿದ್ದವನು ನಾನೇ.

"ರಾಜಕೋಟದ ಬಾವಿ ಈಗ ಯಾರು ನಂಬುತ್ತಾರೆ, ಸಾಹೇಬ್?" ಎಂದರು. "ನೀವೇ ಹೇಳಿದ್ದಿರಲ್ಲ, ಊರು ಹತ್ತಿರದ್ದಿರಬೇಕು ಅಂತ."

ನನ್ನ ಪಾಠವನ್ನು ಪೂರ್ತಿ ಅರ್ಥಮಾಡಿಕೊಂಡು ಬಳಕೆಗೆ ತಂದ ಏಕೈಕ ಶಿಷ್ಯನ ಮೇಲೆ ಸಿಟ್ಟು ಮಾಡುವುದು ಹೇಗೆ? ಅಲ್ಲದೆ ಯೋಚಿಸಿ ನೋಡಿದರೆ, ಕರಪತ್ರ ಹೇಳಿದ್ದರಲ್ಲಿ ಮೂಲತಃ ಸುಳ್ಳೇನೂ ಇಲ್ಲ. ಆ ಕಾಗದ ಪ್ರಬಂಧದ ಕೊನೆಯಲ್ಲಿ ಇರದಿದ್ದರೆ ಪ್ರಬಂಧ ಇವತ್ತಿಗೂ ಸ್ಯಾಟಲೈಟ್‌ನ ಕಪಾಟಿನಲ್ಲೇ ಇರುತ್ತಿತ್ತು, ನಾನು ಹುಬ್ಬಳ್ಳಿಯಲ್ಲಿ ಕಾಕಾನ ಎದುರು ಇರುತ್ತಿದ್ದೆ. ಇದನ್ನು ಯಾವ ಅಡಿಟಿಪ್ಪಣಿಯಲ್ಲೂ ನಾನು ಬರೆಯಲಾರೆ. ನನ್ನ ಪ್ರಬಂಧವನ್ನು ಇದುವರೆಗೆ ಓದಿದವರು ಮೂವರು. ಈ ಹಳದಿ ಕಾಗದ ಎಷ್ಟು ಸಾವಿರ ಮನೆ ಹೊಕ್ಕಿದೆಯೋ ಮಾತಾಜಿಗೇ ಗೊತ್ತು.

ಆದರೂ ತಪ್ಪುಗಳಿದ್ದವು, ಅವನ್ನು ಬಿಡಲಾಗಲಿಲ್ಲ. ಎಂಟು ದಿನವಲ್ಲ, ಕೆಲವು ತಿಂಗಳು. ಮದ್ರಾಸಿಯಲ್ಲ, ಕರ್ನಾಟಕದವರು. ಡಾಕ್ಟರ್ ಅಂದರೆ ಜನ ಔಷಧಿ ಕೊಡುವವರು ಅಂದುಕೊಳ್ಳುತ್ತಾರೆ, ಪಿಎಚ್.ಡಿ. ಎಂದು ಬಿಡಿಸಿ ಹಾಕಬೇಕು. ಪಾಠದೋಷ ಕಂಡಮೇಲೆ ತಿದ್ದುವುದು ಸಂಶೋಧಕನ ಕರ್ತವ್ಯ. ಜಯಂತಿಭಾಯಿ ಎಲ್ಲ ಬರೆದುಕೊಂಡರು. ತಿದ್ದಿದರೆ ಹೊಸದಾಗಿ ಅಚ್ಚಾಗಬೇಕು, ಸಾವಿರಕ್ಕಿಂತ ಕಡಿಮೆಗೆ ಯಂತ್ರ ಓಡಿಸುವುದಿಲ್ಲ ಎಂದರು. ಹಾಗೇ ಆಗಲಿ ಎಂದೆ.

"ನೂರಾ ಎಂಟು ಕಳದ್ರ ಎಂಟುನೂರಾ ತೊಂಬತ್ತೆರಡು ಹೆಚ್ಚ ಆಗ್ತಾವ," ಎಂದಳು ವಿಜಯಾ. "ಅವು ಯಾತಕ್ಕ?"

ಶುದ್ಧಪಾಠ ಆದಷ್ಟು ಜನಕ್ಕೆ ತಲುಪಬೇಕು ಎಂದು ವಿವರಿಸಿದೆ. ಮುಂದಿನ ತಿಂಗಳು, ಈಗಿನದಕ್ಕಿಂತ ಒಂದು ಮೆಟ್ಟಿಲು ಮೇಲಿನ ರೀಡರ್ ಹುದ್ದೆಗೆ ನನ್ನ ಸಂದರ್ಶನ ಇರುವುದು ಬೇರೆ ವಿಷಯ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂರತ್‌ನಿಂದ ಆ ಅಪ್‌ಡೌನ್‌ನವರ ಗಾಡಿ ಸಂಜೆ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮಾತ್ರ ಸ್ಟೇಷನ್ನಿನಲ್ಲಿ ವಿಚಾರಿಸಿಕೊಂಡು ಬಂದಿದ್ದೇನೆ.